ಶಿಲಾಶಾಸನಕ್ಕೆ ಗಗನದ ನೆರವು

ಶಾಸನವೆಂಬುದು ನಾಡಿನ ಚರಿತ್ರೆಯ ಒಂದು ಪುಟ. ಆ ಪುಟವೆಲ್ಲಿದೆಯೆಂಬುದೇ ತಿಳಿಯದಿದ್ದರೆ ಅದನ್ನು ಓದುವುದೆಂತು? ಉಪಗ್ರಹಗಳು ತೆಗೆದ ಭೂಚಿತ್ರಗಳೂ ಗಣಕಯಂತ್ರದ ಭೂಪಟಗಳೂ ಇಂದು ಈ ಪ್ರಶ್ನೆಗೆ ಉತ್ತರವೀಯುತ್ತಿವೆ.

ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೆಯ ಸಂಪುಟವು ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮುಖ್ಯ ಆಕರ. ಶಿಲೆಯಿರುವ ಸ್ಥಳವನ್ನು ಅದರಲ್ಲಿ ಅಂದಿನ ರೂಢಿಯಂತೆ ಸೂಚಿಸಲಾಗಿದೆ: ಇಂಥ ಗ್ರಾಮದ ಗುಡಿಯ ಮುಂದೆ, ಇಂಥ ಕೆರೆಯ ಬಳಿಯ ಹೊಲದಲ್ಲಿ. ಮುಂದೆ ನಗರವು ಪಡುವಣಕ್ಕೆ ಬೆಳೆಯಿತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಹಳ್ಳಿಗಳ ಹೊಲಗದ್ದೆಗಳ ಮೇಲೆ ತಲೆಯೆತ್ತಿದವು. ಗ್ರಂಥದಲ್ಲಿ ಗುರುತು ಉಳಿಯಿತು, ನೆಲದಲ್ಲಿ ಅಳಿಯಿತು. ರಾಜಾಜಿನಗರದೊಳಗೆ ಸೇರಿಹೋದ ಕೇತಮಾರನಹಳ್ಳಿಯ ಶಾಸನವನ್ನು ಪಿ. ಎಲ್. ಉದಯಕುಮಾರ್ ಅವರು ಅರಸಿ ಹೋದಾಗ ಶಿಲೆ ಕಾಣಸಿಗಲಿಲ್ಲ. ಆ ನಷ್ಟವೇ ಪ್ರೇರಣೆಯಾಗಿ 2017ರಲ್ಲಿ ಸಮಾನಾಸಕ್ತರ ಅನ್ವೇಷಣೆ ಮೊದಲಾಯಿತು.

ಇಂಥ ಅನ್ವೇಷಣೆಗೆ ಒದಗುವ ವಿಧಾನ ಸರಳವಾದುದು. ಹಳೆಯ ಮೋಜಣಿ ನಕ್ಷೆಯಲ್ಲಿಯೂ ಇಂದಿನ ಉಪಗ್ರಹಚಿತ್ರದಲ್ಲಿಯೂ ಸ್ಥಾನ ಬದಲಿಸದೆ ಉಳಿದ ದೇಗುಲ, ಹೆಬ್ಬಂಡೆ, ಕೆರೆಯ ಏರಿ ಇವನ್ನು ಗುರುತಿಸಿ, ಒಂದರ ಮೇಲೊಂದನ್ನು ಹೊಂದಿಸಬೇಕು. ಆಗ ಅಳಿದ ಹೊಲ ಇಂದಿನ ಯಾವ ಬೀದಿಯೆಂಬುದು ತಿಳಿಯುತ್ತದೆ. ಮರದ ಮರೆಯ ಕಲ್ಲನ್ನಾಗಲಿ ಗೋಡೆಗೆ ಸೇರಿದ ಕಲ್ಲನ್ನಾಗಲಿ ಉಪಗ್ರಹ ತೋರಿಸಲಾರದು. ಎಲ್ಲಿ ಹುಡುಕಬೇಕೆಂಬುದನ್ನು ತೋರಿಸುತ್ತದೆ. ಮಿಕ್ಕುದು ಕಾಲ್ನಡಿಗೆಯ ಕಾರ್ಯ, ಊರ ಹಿರಿಯರನ್ನು ವಿಚಾರಿಸುವ ಕಾರ್ಯ. ದೊರೆತ ಶಿಲೆಯ ಅಕ್ಷಾಂಶ ರೇಖಾಂಶಗಳನ್ನು ಗೂಗಲ್ ಭೂಪಟದಲ್ಲಿ ದಾಖಲಿಸಿದರೆ, ಮುಂದೆ ಯಾರೇ ಆಗಲಿ ನೇರವಾಗಿ ಅಲ್ಲಿಗೆ ಹೋಗಬಹುದು.

ಹಿಂದಿನ ಸಂಪುಟಗಳಲ್ಲಿ ಇಲ್ಲದ ಶಿಲೆಗಳೂ ಉಂಟು. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗದೊರೆ ಶ್ರೀಪುರುಷನ ಕಾಲದಲ್ಲಿ ಕಾದಿ ಮಡಿದ ಕಿತ್ತಯ್ಯನ ಸ್ಮಾರಕ. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುವ ಕಾರ್ಯವನ್ನು ಕೈಗೊಂಡಿತು. ಬರಿಗಣ್ಣಿಗೆ ನಿಲುಕದ ಸವೆದ ಅಕ್ಷರಗಳೂ ಇದರಿಂದ ಸ್ಫುಟವಾಗುತ್ತವೆ.

ಕೆಂಗೇರಿಯ ಸುತ್ತಣ ಹೊಲಗಳು ಇನ್ನೂ ನಿವೇಶನಗಳಾಗುತ್ತಿವೆ. ಬಟ್ಟೆ ಒಗೆಯುವ ಕಲ್ಲಾಗಿ, ಮೋರಿಯ ಚಪ್ಪಡಿಯಾಗಿ ಒಂದು ಶಾಸನ ಕಳೆದುಹೋಗಲು ಒಂದು ದಿನ ಸಾಕು. ಅದನ್ನು ಭೂಪಟದಲ್ಲಿ ಗುರುತಿಸಲು ಅರ್ಧ ಗಳಿಗೆ ಸಾಕು. ಉಪಾಧ್ಯಾಯರು ವಿದ್ಯಾರ್ಥಿಗಳೊಡನೆ ಒಂದು ಭಾನುವಾರ ಊರ ಹೊರವಲಯಕ್ಕೆ ನಡೆದುಬಂದರೆ, ಪಠ್ಯದ ಹಳಗನ್ನಡವು ಕಲ್ಲಿನ ಮೇಲೆ ಕಣ್ಣಿಗೆ ಬಿದ್ದೀತು. ಒಂದು ಗ್ರಾಮದ ನೆನಪೂ ಉಳಿದೀತು.