ಮುಕ್ತವೇ? ಎಲ್ಲೆಡೆ ಓಡುತ್ತದೆಯೇ? ಎರಡನ್ನೂ ಕೇಳಿ



ಪುಣೆಯ ಹಿಂಜೆವಾಡಿಯಲ್ಲೋ, ಹೈದರಾಬಾದಿನ ಮಾದಾಪುರದಲ್ಲೋ, ಚೆನ್ನೈನ ಹಳೆ ಮಹಾಬಲಿಪುರಂ ರಸ್ತೆಯಲ್ಲೋ ಕಂಪ್ಯೂಟರ್ ಕೆಲಸ ಮಾಡುವವರು ನಿಮ್ಮಲ್ಲಿ ಅನೇಕರಿದ್ದೀರಿ. ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳ ತಂದೆತಾಯಿಯರೂ ಇದ್ದೀರಿ. "ಯಾವ ಫ್ರೇಮ್‌ವರ್ಕ್ ಕಲಿತರೆ ಒಳ್ಳೆಯದು?" ಎಂಬ ಪ್ರಶ್ನೆ ಇಂಥ ಮನೆಗಳಲ್ಲಿ ಏಳುತ್ತಲೇ ಇರುತ್ತದೆ. ಎರಡು ಮೂರು ವರ್ಷ ಕಷ್ಟಪಟ್ಟು ಕಲಿತದ್ದು ಆಮೇಲೆ ಮೂಲೆ ಸೇರಿದರೆ ಹೋಗುವುದು ನಮ್ಮದೇ ಆಯುಷ್ಯ ತಾನೇ?

ಮೊದಲು, ಫ್ರೇಮ್‌ವರ್ಕ್ ಎಂದರೇನು? ಕಂಬ, ಚಾವಣಿ, ನಲ್ಲಿ, ವೈರಿಂಗ್ ಎಲ್ಲ ಸಿದ್ಧವಿರುವ ಬಾಡಿಗೆ ಮನೆ ಎಂದುಕೊಳ್ಳಿ. ನಿಮ್ಮ ಸಾಮಾನು ಜೋಡಿಸಿದರೆ ಸಂಸಾರ ಶುರು. ಊರು ಬಿಟ್ಟು ಬಂದ ನಮಗೆಲ್ಲ ಗೊತ್ತು, ಬಾಡಿಗೆ ಮನೆ ಹಿಡಿಯುವಾಗ ಕರಾರುಪತ್ರ ಓದಲೇಬೇಕು. ಇಲ್ಲೂ ಹಾಗೆಯೇ, ಎರಡು ಪ್ರಶ್ನೆ ಕೇಳಬೇಕು. ಒಳಗಿನ ಸೋರ್ಸ್ ಕೋಡ್ ನೋಡಲು, ತಿದ್ದಲು, ಹಂಚಲು ಹಕ್ಕಿದೆಯೇ? ಬರೆದ ಪ್ರೋಗ್ರಾಂ ವಿಂಡೋಸ್, ಲಿನಕ್ಸ್, ಮ್ಯಾಕ್, ಮೊಬೈಲ್ ಎಲ್ಲದರಲ್ಲೂ ಓಡುತ್ತದೆಯೇ? ಇವೆರಡೂ ಒಂದೇ ಎಂದು ಹಲವರು ತಿಳಿಯುತ್ತಾರೆ. ಅಲ್ಲ.

ಸಿಲ್ವರ್‌ಲೈಟ್ ನೋಡಿ. ಮೈಕ್ರೋಸಾಫ್ಟ್ 2007ರಲ್ಲಿ ತಂದ ಇದು ವಿಂಡೋಸ್, ಮ್ಯಾಕ್ ಎರಡರಲ್ಲೂ ಓಡುತ್ತಿತ್ತು. ಆದರೆ ಕೋಡ್ ಮಾತ್ರ ಕಂಪನಿಯ ಪೆಟ್ಟಿಗೆಯಲ್ಲಿ. ಕಂಪನಿ ಮನಸ್ಸು ಬದಲಿಸಿತು, 2021ರ ಅಕ್ಟೋಬರ್‌ನಲ್ಲಿ ಬೆಂಬಲ ಮುಗಿಯಿತು. ಅದರಲ್ಲಿ ಬರೆದವರು ಬೇರೆಡೆಗೆ ಗಂಟುಮೂಟೆ ಕಟ್ಟಬೇಕಾಯಿತು.

ಇನ್ನು ಇದೇ ಕಂಪನಿಯ ಡಾಟ್ ನೆಟ್. 2002ರಲ್ಲಿ ಬಂದಾಗ ಅದು ವಿಂಡೋಸ್‌ಗೆ ಮಾತ್ರ. ಲಿನಕ್ಸ್‌ನವರಿಗಾಗಿ ಮಿಗೆಲ್ ಡಿ ಇಕಾಜಾ ಮತ್ತು ಸಂಗಡಿಗರು ಮೋನೋ ಎಂಬುದನ್ನು ಕಟ್ಟಿ, 2004ರಲ್ಲಿ ಮೊದಲ ಆವೃತ್ತಿ ಕೊಟ್ಟರು. 2014ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟೇ ಬಾಗಿಲು ತೆರೆಯಿತು. 2016ರಲ್ಲಿ ಬಂದ ಡಾಟ್ ನೆಟ್ ಕೋರ್ ಮೂರೂ ಕಡೆ ಓಡುವಂಥದ್ದು, ಲೈಸೆನ್ಸ್ ಉದಾರವಾದ ಎಂಐಟಿ. ಹಾಗಾದರೆ ಎಲ್ಲ ಸರಿಹೋಯಿತೇ? ಬೆಳ್ಳಗಿರುವುದೆಲ್ಲ ಹಾಲಲ್ಲ. ಕಿಟಕಿ, ಗುಂಡಿ, ಮೆನು ಬಿಡಿಸುವ ವಿನ್‌ಫಾರ್ಮ್ಸ್ ಮತ್ತು ಡಬ್ಲ್ಯುಪಿಎಫ್‌ಗಳ ಕೋಡನ್ನೂ 2018ರಲ್ಲಿ ಮುಕ್ತಗೊಳಿಸಿದರು. ಆದರೆ ಅವು ಇಂದಿಗೂ ಓಡುವುದು ವಿಂಡೋಸ್‌ನಲ್ಲಿ ಮಾತ್ರ. ಸಿಲ್ವರ್‌ಲೈಟ್ ಎರಡು ಕಡೆ ಓಡಿತು, ಮುಕ್ತವಾಗಿರಲಿಲ್ಲ. ಇವು ಮುಕ್ತ, ಆದರೆ ಒಂದೇ ಕಡೆ ಓಡುತ್ತವೆ.

ಜಾವಾ ಕಥೆ ಇನ್ನೊಂದು ಬಗೆ. 1995ರಲ್ಲಿ ಸನ್ ಕಂಪನಿ ಅದನ್ನು ತಂದದ್ದೇ "ಒಮ್ಮೆ ಬರೆ, ಎಲ್ಲೆಡೆ ಓಡಿಸು" ಎಂಬ ಭರವಸೆಯೊಂದಿಗೆ. 2006ರಲ್ಲಿ ಅದನ್ನು ಜಿಪಿಎಲ್ ಲೈಸೆನ್ಸ್ ಅಡಿ ಮುಕ್ತಗೊಳಿಸುವ ಘೋಷಣೆಯೂ ಆಯಿತು. 2010ರಲ್ಲಿ ಸನ್ ಅನ್ನು ಒರಾಕಲ್ ಕೊಂಡಿತು, ಅದೇ ವರ್ಷ ಆಂಡ್ರಾಯ್ಡ್‌ನಲ್ಲಿನ ಜಾವಾ ಬಳಕೆಗಾಗಿ ಗೂಗಲ್ ಮೇಲೆ ಮೊಕದ್ದಮೆ ಹೂಡಿತು. ಅದು 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ಗೂಗಲ್ ಪರವಾಗಿ ಮುಗಿಯಿತು. 2023ರಲ್ಲಿ ಒರಾಕಲ್ ತನ್ನ ಜಾವಾ ಚಂದಾವನ್ನು ಕಂಪನಿಯ ಒಟ್ಟು ನೌಕರರ ಲೆಕ್ಕದಲ್ಲಿ ವಸೂಲಿ ಮಾಡುವ ಪದ್ಧತಿ ತಂದಿತು. ಜಾವಾ ಮುಟ್ಟದ ನೌಕರರೂ ಲೆಕ್ಕಕ್ಕೆ! ಆದರೂ ಬಳಕೆದಾರರು ಬೀದಿಗೆ ಬೀಳಲಿಲ್ಲ. ಮುಕ್ತ ಕೋಡಿನಿಂದ ತಯಾರಾದ ಟೆಮುರಿನ್, ಅಮೆಜಾನಿನ ಕೊರೆಟ್ಟೊ ಮುಂತಾದ ಉಚಿತ ಜಾವಾಗಳಿದ್ದವು. ಮುಕ್ತತೆಯ ಬೆಲೆ ತಿಳಿಯುವುದು ಮಾಲೀಕ ಬಾಡಿಗೆ ಏರಿಸಿದಾಗ.

ಮಾಲೀಕರು ಬದಲಾಗುವುದನ್ನು ಮೊದಲೇ ಊಹಿಸಿದವರೂ ಇದ್ದಾರೆ. ಕ್ಯೂಟಿ ಎಂಬ ಫ್ರೇಮ್‌ವರ್ಕ್ ಟ್ರೋಲ್‌ಟೆಕ್‌ನಿಂದ 2008ರಲ್ಲಿ ನೋಕಿಯಾಕ್ಕೆ, 2012ರಲ್ಲಿ ಡಿಜಿಯಾಕ್ಕೆ ಹೋಯಿತು. ಅದನ್ನು ನೆಚ್ಚಿಕೊಂಡಿದ್ದ ಕೆಡಿಇ ಬಳಗ 1998ರಲ್ಲೇ ಒಂದು ಕರಾರು ಮಾಡಿಸಿಕೊಂಡಿತ್ತು. ಕ್ಯೂಟಿಯ ಮುಕ್ತ ಆವೃತ್ತಿ ನಿಂತರೆ, ಅದನ್ನು ಇನ್ನೂ ಉದಾರ ಲೈಸೆನ್ಸ್‌ನಲ್ಲಿ ಬಿಡುಗಡೆ ಮಾಡುವ ಹಕ್ಕು ಒಂದು ಪ್ರತಿಷ್ಠಾನಕ್ಕೆ ಸಲ್ಲುತ್ತದೆ. ಕರಾರುಪತ್ರ ಎಂದರೆ ಹೀಗಿರಬೇಕು!

ಹಾಗಾದರೆ ನೀವು ಏನು ನೋಡಬೇಕು?

ಒಂದು, ಲೈಸೆನ್ಸ್. "ಉಚಿತ" ಎಂದ ಮಾತ್ರಕ್ಕೆ ಮುಕ್ತವಲ್ಲ. ಎಂಐಟಿ ಆದರೆ ನಿಮ್ಮ ಕೋಡ್ ಮುಚ್ಚಿಟ್ಟುಕೊಂಡು ಮಾರಬಹುದು. ಜಿಪಿಎಲ್ ಆದರೆ ಅದರ ಜೊತೆ ಬೆಸೆದು ಹಂಚುವ ನಿಮ್ಮ ಕೋಡನ್ನೂ ಸಾಮಾನ್ಯವಾಗಿ ತೆರೆಯಬೇಕಾಗುತ್ತದೆ. ಜಾವಾದ ಜಿಪಿಎಲ್‌ನಲ್ಲಿ ಇದಕ್ಕೆ ವಿನಾಯಿತಿ ಇದೆ.

ಎರಡು, ಲಗಾಮು ಯಾರ ಕೈಯಲ್ಲಿ? ಒಂದೇ ಕಂಪನಿಯೋ, ಹಲವರೋ? ಒಬ್ಬರು ಕೈಬಿಟ್ಟರೆ ಮುಂದುವರಿಸುವವರು ಇದ್ದಾರೆಯೇ?

ಮೂರು, ಯಾವ ಭಾಗ ಎಲ್ಲಿ ಓಡುತ್ತದೆ? ಸರ್ವರ್ ಭಾಗ ಎಲ್ಲೆಡೆ ಓಡಿ, ಪರದೆಯ ಭಾಗ ಓಡದೇ ಇರಬಹುದು. ಮಾಟುಂಗಾದ ಉಡುಪಿ ಹೋಟೆಲಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುತ್ತೀರಿ ಎನ್ನಿ. ನಾಳೆ ಯಜಮಾನರು "ಇದನ್ನೇ ಟ್ಯಾಬ್ಲೆಟ್‌ನಲ್ಲಿ ಹಾಕಿಕೊಡಪ್ಪಾ" ಎಂದರೆ ಉತ್ತರ ಇರಬೇಕು.

ನಾಲ್ಕು, ನಮ್ಮ ಭಾಷೆಯದು. "ಸ್ತ್ರೀ", "ರಾಷ್ಟ್ರ", "ಅರ್ಕ" ಎಂಬ ಪದಗಳನ್ನು ಪ್ರತಿ ಯಂತ್ರದಲ್ಲೂ ಬರೆದು ನೋಡಿ. ಒತ್ತಕ್ಷರ ಕಳಚಿ ಬಿದ್ದರೆ, ಕನ್ನಡಿಗರ ಪಾಲಿಗೆ ಅದು ಎಲ್ಲೆಡೆ ಓಡುವ ಫ್ರೇಮ್‌ವರ್ಕ್ ಅಲ್ಲ. ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಅಕ್ಷರ ಜೋಡಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಮುಕ್ತವಾದದ್ದರಿಂದಲೇ ಒಂದು ಕಡೆ ಮಾಡಿದ ಕನ್ನಡದ ತಿದ್ದುಪಡಿ ಉಳಿದ ಕಡೆಗೂ ತಲುಪುತ್ತದೆ.

ಫ್ರೇಮ್‌ವರ್ಕ್‌ಗಳು ಬರುತ್ತವೆ, ಹೋಗುತ್ತವೆ. ಹೆಸರು ನೋಡಿ ಮರುಳಾಗದೆ ಕರಾರು ಓದಿ ಆರಿಸಿದರೆ, ಕಲಿತದ್ದು ಬಹಳ ಕಾಲ ಕೈಹಿಡಿಯುತ್ತದೆ. ನೀವು ಯಾವುದನ್ನು ನಂಬಿದ್ದೀರಿ? ನಮಗೂ ಬರೆದು ತಿಳಿಸಿ.