ನಡುವಯಸ್ಸಿನಲ್ಲಿ ಹೊಸ ಕಲಿಕೆ

ಬಾಳಿನ ನಡುದಾರಿಯಲ್ಲಿ ಒಂದು ವೃತ್ತಿಯನ್ನು ತೊರೆದು ಮತ್ತೊಂದನ್ನು ಹಿಡಿಯುವುದು ಸುಲಭದ ಮಾತಲ್ಲ. ಮಕ್ಕಳ ಓದು, ಹಿರಿಯರ ಔಷಧೋಪಚಾರ, ಮನೆಯ ನಿತ್ಯದ ಖರ್ಚು ಎಲ್ಲವೂ ಆ ನಿರ್ಧಾರವನ್ನೇ ನೆಚ್ಚಿರುತ್ತವೆ. ಅಂಗಡಿಯ ಲೆಕ್ಕಪತ್ರ ಬಿಟ್ಟು ಪುಟವಿನ್ಯಾಸಕ್ಕೆ ಬಂದ ನಮಗೆ ಇದರ ಅನುಭವವುಂಟು. ಪೇಜ್‌ಮೇಕರ್ ಕೈಗೆ ಹತ್ತಿತು ಎನ್ನುವಷ್ಟರಲ್ಲಿ ಇನ್‌ಡಿಸೈನ್ ಕಲಿಯಬೇಕಾಯಿತು.

ಆಲ್ಡಸ್ ಸಂಸ್ಥೆ 1985ರಲ್ಲಿ ಹೊರತಂದ ಪೇಜ್‌ಮೇಕರ್ 1994ರಲ್ಲಿ ಅಡೋಬಿಯ ಕೈಸೇರಿತು. ಅಡೋಬಿಯು 1999ರಲ್ಲಿ ಇನ್‌ಡಿಸೈನ್ ಬಿಡುಗಡೆ ಮಾಡಿತು, 2001ರ 7.0ನೆಯ ಆವೃತ್ತಿಯೇ ಪೇಜ್‌ಮೇಕರ್‌ನ ಕಡೆಯದಾಯಿತು. ಆದರೂ ಕನ್ನಡದ ಮುದ್ರಣಾಲಯಗಳು ಅದನ್ನು ಬಹುಕಾಲ ಬಿಡಲಿಲ್ಲ. ಹಳೆಯ ಕನ್ನಡ ಫಾಂಟುಗಳು ಅದರಲ್ಲಿ ಸಲೀಸಾಗಿ ಕೂರುತ್ತಿದ್ದವು.

ನಿಜವಾದ ತೊಡಕು ಇರುವುದು ಇಲ್ಲಿಯೇ. ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ ಕನ್ನಡದ ರೂಪ ತೊಟ್ಟಿರುತ್ತವೆ. ಯೂನಿಕೋಡ್‌ನಲ್ಲಾದರೋ ಕನ್ನಡಕ್ಕೆ ಅದರದೇ ಸಂಕೇತಗಳಿವೆ. ‘ಕಾರ್ಯ’ ಎಂಬ ಪದದ ಅರ್ಕಾವತ್ತು ಕಣ್ಣಿಗೆ ‘ಯ’ದ ನಂತರ ಕಂಡರೂ ಯೂನಿಕೋಡ್‌ನಲ್ಲಿ ‘ರ’ಕಾರವೇ ಮೊದಲು ಬರುತ್ತದೆ. ಆದಕಾರಣ ಪರಿವರ್ತಿಸಿದ ಬರಹದಲ್ಲಿ ಅರ್ಕಾವತ್ತು, ಒತ್ತಕ್ಷರಗಳನ್ನು ಮತ್ತೊಮ್ಮೆ ಕರಡು ತಿದ್ದದೆ ಅಚ್ಚಿಗೆ ಕಳಿಸಲಾಗದು. ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಎಂಬುದನ್ನು ಆಯ್ದುಕೊಳ್ಳದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಹೊಸಬರು ಎದೆಗುಂದುವುದು ಹೆಚ್ಚಾಗಿ ಇಂತಹ ಸಣ್ಣ ಸಂಗತಿಗಳಿಂದಲೇ.

ಇನ್ನೊಂದು ಎಚ್ಚರಿಕೆ. ಇಂದಿನ ಇನ್‌ಡಿಸೈನ್ ಪೇಜ್‌ಮೇಕರ್ ಕಡತಗಳನ್ನು ತೆರೆಯದು. ಹಳೆಯ ಪುಸ್ತಕಗಳ ಬರಹವನ್ನು ಹೊರತೆಗೆದು, ಪುಟಗಳನ್ನು ಪಿಡಿಎಫ್ ಮಾಡಿಟ್ಟುಕೊಳ್ಳುವವರೆಗೆ ಹಳೆಯ ಗಣಕವನ್ನು ಮಾರಬಾರದು. ವರ್ಷಗಳ ದುಡಿಮೆ ಅದರಲ್ಲಿರುತ್ತದೆ.

ಕಲಿಕೆಗೆ ನಾವು ಕಂಡುಕೊಂಡ ದಾರಿ ಸರಳವಾದುದು. ಮೊದಲಿಗೆ ಒಂದು ಲಗ್ನಪತ್ರಿಕೆ, ಆಮೇಲೆ ಎಂಟು ಪುಟದ ಕಿರುಹೊತ್ತಗೆ, ಅನಂತರವೇ ದೊಡ್ಡ ಗ್ರಂಥ. ಗಡುವಿರುವ ಕೆಲಸವನ್ನು ಹಳೆಯ ತಂತ್ರಾಂಶದಲ್ಲಿಯೇ ಮುಗಿಸಿ, ಅದನ್ನೇ ಬಿಡುವಿನಲ್ಲಿ ಹೊಸದರಲ್ಲಿ ಮತ್ತೆ ಕಟ್ಟಿ ನೋಡಿದೆವು. ಶೀರ್ಷಿಕೆಗೆ, ಪ್ಯಾರಾಕ್ಕೆ ಒಮ್ಮೆ ಶೈಲಿ ಗೊತ್ತುಮಾಡಿಟ್ಟರೆ ಇಡೀ ಪುಸ್ತಕವನ್ನು ಒಂದೇ ಬದಲಾವಣೆಯಿಂದ ತಿದ್ದಬಹುದು. ಬಾಡಿಗೆಯ ಹಣ ಭಾರವೆನಿಸುವವರಿಗೆ ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶವೂ ಇದೆ.

ಬದಲಾಗುವುದು ಗುಂಡಿಗಳ ಜಾಗ ಮಾತ್ರ. ಅಂಚಿಗೆ ಎಷ್ಟು ಬಿಡಬೇಕು, ಸಾಲುಗಳ ನಡುವೆ ಎಷ್ಟು ಅಂತರವಿರಬೇಕು, ವಯಸ್ಸಾದವರ ಕಣ್ಣಿಗೆ ಎಂತಹ ಅಕ್ಷರ ಹಿತ ಎಂಬ ವಿವೇಚನೆ ಯಾವ ತಂತ್ರಾಂಶದೊಡನೆಯೂ ಹಳತಾಗದು. ಮನೆಯವರು ಕಲಿಯುವವರಿಗೆ ದಿನಕ್ಕೊಂದು ಗಂಟೆಯ ಬಿಡುವು ಮಾಡಿಕೊಟ್ಟರೆ, ಮಕ್ಕಳು ನಗದೆ ಕೇಳಿದ್ದನ್ನು ಹೇಳಿಕೊಟ್ಟರೆ, ನಲವತ್ತರ ಮೇಲೆಯೂ ಕೈ ಪಳಗುತ್ತದೆ.