ಹಾಲಿನ ಸಸಾರಜನಕವನ್ನು ಗುರುತಿಸುವ ಕ್ರಮ

ಹಾಲಿನ ಸತ್ತ್ವದಲ್ಲಿ ಮುಖ್ಯವಾದುದು ಪ್ರೋಟೀನ್ ಎಂಬ ಸಸಾರಜನಕ. 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಎಂಬ ರಸಾಯನಶಾಸ್ತ್ರಜ್ಞನು ಪ್ರಕಟಿಸಿದ ಪರೀಕ್ಷೆಯು ಸಾರಜನಕವನ್ನು ಅಳೆದು ಅದರಿಂದ ಸಸಾರಜನಕವನ್ನು ಲೆಕ್ಕ ಹಾಕುತ್ತದೆ. ಆ ಸಾರಜನಕವು ಎಲ್ಲಿಂದ ಬಂದಿತೆಂಬುದನ್ನು ತಿಳಿಸಲಾರದು. 2008ರಲ್ಲಿ ಚೀನಾದೇಶದಲ್ಲಿ ಬಯಲಾದಂತೆ, ವಂಚಕರು ನೀರು ಬೆರಸಿದ ಹಾಲಿಗೆ ಸಾರಜನಕವು ಹೇರಳವಾಗಿರುವ ಮೆಲಮೈನ್ ಎಂಬ ವಸ್ತುವನ್ನು ಹಾಕಿ ಪರೀಕ್ಷಕರ ಕಣ್ಣಿಗೆ ಮಣ್ಣೆರಚಿದ್ದರು. ಸುಮಾರು 3 ಲಕ್ಷ ಮಕ್ಕಳು ರೋಗಕ್ಕೀಡಾದರು; 6 ಶಿಶುಗಳು ಮೃತಪಟ್ಟವು.

ಈ ಕೊರತೆಯನ್ನು ನೀಗತಕ್ಕುದು, ಲಿಕ್ವಿಡ್ ಕ್ರೊಮಟಾಗ್ರಫಿಯನ್ನು ಮಾಸ್ ಸ್ಪೆಕ್ಟ್ರಾಮೀಟರಿಗೆ ಜೋಡಿಸಿದ ಕ್ರಮ. ಮೊದಲು ಟ್ರಿಪ್ಸಿನ್ ಎಂಬ ಕಿಣ್ವದಿಂದ ಸಸಾರಜನಕವನ್ನು ಸಣ್ಣ ತುಂಡುಗಳಾಗಿ ಮಾಡುವರು. ನುಣುಪಾದ ಪುಡಿ ತುಂಬಿದ ಕೊಳವೆಯಲ್ಲಿ ದ್ರವದೊಡನೆ ಹಾಯಿಸಲು, ತುಂಡುಗಳು ಬೇರ್ಪಟ್ಟು ಒಂದರ ಹಿಂದೊಂದು ಹೊರಬರುವುವು. ತುದಿಯಲ್ಲಿ ವಿದ್ಯುತ್ತಿನ ಬಲದಿಂದ ಅವನ್ನು ತುಂತುರಾಗಿಸಿ ಯಂತ್ರದೊಳಕ್ಕೆ ಸೆಳೆದು ತೂಗುವರು. ಈ ತುಂತುರಿನ ಉಪಾಯಕ್ಕಾಗಿ ಅಮೆರಿಕದ ಜಾನ್ ಫೆನ್ನರಿಗೆ 2002ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ಸರ್ವೆ ನಂಬರಿನಿಂದ ಜಮೀನನ್ನು ಗುರುತಿಸುವಂತೆ, ತುಂಡುಗಳ ತೂಕದಿಂದ ಹಸುವಿನ ಹಾಲಾವುದು, ಎಮ್ಮೆಯ ಹಾಲಾವುದು, ಸೋಯಾ ಬೆರಕೆಯಾವುದು ಎಂಬುದನ್ನು ತಿಳಿಯಬಹುದು. ಮೆಲಮೈನನ್ನು ಕಿಣ್ವದ ಸಹಾಯವಿಲ್ಲದೆಯೇ ಇದೇ ಯಂತ್ರಗಳು ಹಿಡಿದುಕೊಡುತ್ತವೆ. ಇವು ಬಹಳ ಬೆಲೆಯುಳ್ಳವಾದುದರಿಂದ ದೊಡ್ಡ ಪ್ರಯೋಗಶಾಲೆಗಳಲ್ಲಿ ಮಾತ್ರವೇ ಇರುತ್ತವೆ. ಆದರೂ ಶುದ್ಧವಾದ ಹಾಲನ್ನು ಮಾರುವ ರೈತನಿಗೆ ಇವುಗಳ ಸಾಕ್ಷ್ಯವೇ ದೊಡ್ಡ ರಕ್ಷಣೆ ಎಂಬುದನ್ನು ಗ್ರಾಮದ ಮುಖಂಡರು ಎಲ್ಲರಿಗೂ ತಿಳಿಯಪಡಿಸತಕ್ಕದ್ದು.